ಆಲೆಮನೆಗೆ ಹೋದ ಒಂಬತ್ತನೇ ತರಗತಿ: ಮಂಡ್ಯದ ಒಂದು ಪ್ರೌಢಶಾಲೆಯ ಪ್ರಕರಣ

ಸ್ಟಾಫ್ ರೂಮಿನ ಬೀರುವಿನ ಮೇಲೆ ಚಾರ್ಟ್‌ಗಳ ದೊಡ್ಡ ಸುರುಳಿಯೊಂದಿತ್ತು. 2023ರ ಜೂನ್‌ನಲ್ಲಿ ಧೂಳು ಹೊಡೆಯೋಣ ಅಂತ ಇಳಿಸಿದೆ. ಹಿಂದಿನ ವರ್ಷದ ಒಂಬತ್ತನೇ ತರಗತಿಯವರ ಚಟುವಟಿಕೆಗಳು. ಬಿಡಿಸಿ ನೋಡಿದರೆ ಹನ್ನೊಂದು ಚಾರ್ಟ್‌ಗಳಲ್ಲಿ ಒಂದೇ ಜಲಚಕ್ರ. ಒಂದೇ ಅಂಗಡಿಯಿಂದ ತಂದು ಅಂಟಿಸಿದ ಒಂದೇ ಚಿತ್ರ. ಕೆಳಗೆ ಮನೆಯಲ್ಲಿ ಅಕ್ಕನೋ ಅಣ್ಣನೋ ಬರೆದುಕೊಟ್ಟ ದುಂಡಕ್ಷರ. ಅವಕ್ಕೆಲ್ಲ ಒಳ್ಳೆಯ ಅಂಕ ಕೊಟ್ಟವಳು ನಾನೇ. ಅವತ್ತು ಮನಸ್ಸಿಗೆ ತುಂಬ ಕಸಿವಿಸಿಯಾಯಿತು.

ನಮ್ಮದು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಕಾಂಪೌಂಡಿನ ಆಚೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಾಲುವೆ, ಅದರಾಚೆ ಕಬ್ಬಿನ ಗದ್ದೆ. ನಾನು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ ಒಂದೇ ಸೆಕ್ಷನ್, 38 ಮಕ್ಕಳು. ಹೆಚ್ಚಿನವರು ಸಣ್ಣ ರೈತರ, ಕೂಲಿಯವರ ಮಕ್ಕಳು. ಆ ವರ್ಷ ಈ ತರಗತಿಯಲ್ಲಿ ಪಾಠ, ಕಲೆ, ಕೈಕೆಲಸ ಮೂರನ್ನೂ ಒಂದೇ ಎಳೆಯಲ್ಲಿ ಹೆಣೆಯಲು ನಾವು ಐದು ಜನ ಶಿಕ್ಷಕರು ಪ್ರಯತ್ನ ಮಾಡಿದೆವು. ಏನು ಆಯಿತು, ಏನು ಆಗಲಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ಎಸ್ಸೆಸ್ಸೆಲ್ಸಿಗೆ ಆಗ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ನೂರರಲ್ಲಿ 80 ಬರವಣಿಗೆಗೆ, 20 ಆಂತರಿಕ ಅಂಕ. ಚಿತ್ರಕಲೆ, ಸಂಗೀತ, ಕಾರ್ಯಾನುಭವ ಯಾವುದೂ ಈ 625ರ ಒಳಗಿಲ್ಲ. ಹಾಗಾಗಿ ಒಂಬತ್ತನೇ ತರಗತಿ ಮೆಟ್ಟಿಲು ಹತ್ತಿದ ದಿನದಿಂದಲೇ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಆಟದ ಪೀರಿಯಡ್ಡು ವಿಜ್ಞಾನಕ್ಕೆ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 10 ಬ್ಯಾಗ್‌ರಹಿತ ದಿನಗಳ ಮಾತು ಇರುವುದು 6ರಿಂದ 8ನೇ ತರಗತಿಯವರಿಗೆ. ಕೈ, ಕಣ್ಣು, ತಲೆ ಮೂರೂ ಚುರುಕಾಗುವ ವಯಸ್ಸಿನಲ್ಲೇ ನಾವು ಮಕ್ಕಳನ್ನು ಬೆಂಚಿಗೆ ಕಟ್ಟಿಹಾಕುತ್ತೇವೆ.

ಆದರೆ ನಿಯಮದಲ್ಲಿ ಜಾಗವೇ ಇಲ್ಲ ಎನ್ನುವುದು ಸುಳ್ಳು. ಪ್ರತಿ ರೂಪಣಾತ್ಮಕ ಮೌಲ್ಯಮಾಪನದಲ್ಲೂ (ವರ್ಷದ ನಡುನಡುವೆ ಶಾಲೆಯಲ್ಲೇ ಮಾಡುವ ಸಣ್ಣ ಮೌಲ್ಯಮಾಪನ) ಕಿರುಪರೀಕ್ಷೆಯ ಜೊತೆಗೆ ಚಟುವಟಿಕೆಗೂ ಅಂಕ ಇದೆ. ಆ ಅಂಕವನ್ನು ನಾವು ಚಾರ್ಟಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು, ಅಷ್ಟೇ. ಹೊಸ ಅನುಮತಿ ಬೇಕಿರಲಿಲ್ಲ, ಹೊಸ ಅನುದಾನವೂ ಬೇಕಿರಲಿಲ್ಲ. ಇದು ಹೊಳೆದ ಮೇಲೆ ಮುಂದಿನ ದಾರಿ ಸ್ವಲ್ಪ ಸಲೀಸಾಯಿತು.

ಸ್ಕೂಲಿನಿಂದ ಹತ್ತು ನಿಮಿಷ ನಡೆದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಒಂದು ಆಲೆಮನೆ ಇದೆ. ನಮ್ಮ ಅರ್ಧ ಮಕ್ಕಳು ದಿನಾ ಅದರ ಮುಂದೆಯೇ ಸ್ಕೂಲಿಗೆ ಬರುತ್ತಾರೆ. ಅದನ್ನೇ ಆರಿಸಿಕೊಂಡೆವು. ವಿಜ್ಞಾನ, ಗಣಿತ, ಸಮಾಜ, ಕನ್ನಡ, ಚಿತ್ರಕಲೆ ಐದೂ ವಿಷಯದವರು ಒಂದೇ ಆಲೆಮನೆಯ ಮೇಲೆ ಪಾಠ ಮಾಡುವುದು ಎಂದಾಯಿತು. ಚಿತ್ರಕಲಾ ಶಿಕ್ಷಕರು ನಮ್ಮಲ್ಲಿದ್ದದ್ದು ನಮ್ಮ ಪುಣ್ಯ. ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ, ಇದ್ದರೂ ಖಾಲಿ.

ಜುಲೈನಲ್ಲಿ ಪೋಷಕರ ಸಭೆ ಕರೆದು ವಿಷಯ ಹೇಳಿದೆವು. ಮುಖ್ಯ ಶಿಕ್ಷಕರು ಬಹಳ ಉತ್ಸಾಹದಿಂದಲೇ ಮಾತಾಡಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಂದೆ ಎದ್ದು ನಿಂತರು. ಹೆಗಲ ಮೇಲೆ ಟವೆಲ್, ಅಂಗೈ ತುಂಬ ಕಬ್ಬಿನ ಗರಿ ಕೊಯ್ದ ಗೆರೆಗಳು.

"ಮೇಡಮ್ಮೋರೆ, ತೆಪ್ಪು ತಿಳ್ಕಬ್ಯಾಡಿ. ಆಲೆಮನೆ ಕೆಲ್ಸ ಕಲಿಸಕ್ಕೆ ಸ್ಕೂಲ್ಯಾಕೆ? ಅದ್ನ ನಾನೇ ಕಲಿಸ್ತೀನಿ. ಅದು ಬ್ಯಾಡ ಅಂತಾನೆ ಇಲ್ಲಿಗೆ ಕಳಿಸಿರಾದು."

ಸಭೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ನನಗೂ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಕೈಕೆಲಸದ ಮೂಲಕ ಕಲಿಸಬೇಕು ಎಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮನ್ನು ಮುಂದಿಟ್ಟಾಗಲೂ ಇಂಥದ್ದೇ ಆಕ್ಷೇಪ ಎದ್ದಿತ್ತು. ಹಳ್ಳಿಯ ಮಗುವನ್ನು ಹಳ್ಳಿಯ ಕೆಲಸಕ್ಕೇ ಕಟ್ಟಿಹಾಕುತ್ತೀರಾ ಎಂದು. ಪಟ್ಟಣದ ದುಬಾರಿ ಸ್ಕೂಲಿನ ಮಕ್ಕಳು ಒಂದು ದಿನ ಗದ್ದೆಗೆ ಬಂದು ನಾಟಿ ಮಾಡಿ ಫೋಟೊ ತೆಗೆಸಿಕೊಂಡರೆ ಅದು 'ಅನುಭವ'. ನಮ್ಮ ಮಕ್ಕಳಿಗೆ ಅದು ರಜೆ ದಿನದ ಕೂಲಿ.

ಅವತ್ತು ಸಂಜೆ ಐದೂ ಜನ ಕೂತು ಯೋಜನೆಯನ್ನು ಹೊಸದಾಗಿ ಬರೆದೆವು. ಮೊದಲಿನ ಪಟ್ಟಿಯಲ್ಲಿ ಮಕ್ಕಳು ಕಬ್ಬು ಒಟ್ಟುವುದು, ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ಹರಡುವುದು, ಅಚ್ಚಿಗೆ ಪಾಕ ಸುರಿಯುವುದು ಎಲ್ಲ ಇತ್ತು. ಅಷ್ಟನ್ನೂ ತೆಗೆದೆವು. ಅಲ್ಲಿ ಯಾವ ಮಗುವೂ ಕೂಲಿಯಾಳು ಮಾಡುವ ಕೆಲಸ ಮಾಡಕೂಡದು. ಅಳೆಯಬೇಕು, ಬಿಡಿಸಬೇಕು, ಕೇಳಬೇಕು, ಬರೆಯಬೇಕು. ಅಲ್ಲಿ ಎದ್ದ ಪ್ರಶ್ನೆಗೆ ಪಾಠದಲ್ಲಿ ಉತ್ತರ ಸಿಗಬೇಕು, ಪಾಠದಲ್ಲಿ ಎದ್ದ ಪ್ರಶ್ನೆಗೆ ಅಲ್ಲಿ. ಈ ಕೊಂಡಿ ಇಲ್ಲದ ಭೇಟಿ ನಮಗೆ ಬೇಡ. ಆ ತಂದೆ ಎದ್ದು ಮಾತಾಡದಿದ್ದರೆ ನಾವು ಇನ್ನೊಂದು ಚಾರ್ಟ್ ಪೇಪರನ್ನೇ ಮಾಡುತ್ತಿದ್ದೆವು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎರಡು ಸಣ್ಣ ಏರ್ಪಾಡುಗಳು ಮುಂದೆ ಬಹಳ ಕೆಲಸಕ್ಕೆ ಬಂದವು. ಒಂದು, ಶನಿವಾರದ ಕೊನೆಯ ಎರಡು ಪೀರಿಯಡ್ ಸೇರಿಸಿ ವೇಳಾಪಟ್ಟಿಯಲ್ಲಿ 'ಆಲೆ' ಅಂತ ಬರೆಸಿದೆವು. ಪಟ್ಟಿಯಲ್ಲಿ ಬರೆಯದ ಪೀರಿಯಡ್ಡು ಸ್ಕೂಲಿನಲ್ಲಿ ಉಳಿಯುವುದಿಲ್ಲ, ಅಲ್ವಾ? ಇನ್ನೊಂದು, ಪ್ರತಿ ಮಗುವಿಗೂ ಒಂದೇ ಪುಸ್ತಕ. ಒಂದು ಬದಿ ಗೆರೆ, ಒಂದು ಬದಿ ಖಾಲಿ ಇರುವ ಪ್ರಾಕ್ಟಿಕಲ್ ರೆಕಾರ್ಡ್. ಐದೂ ಜನ ಶಿಕ್ಷಕರು ಅದೇ ಪುಸ್ತಕ ನೋಡಿ ಅದಕ್ಕೇ ಅಂಕ ಕೊಡಬೇಕು. ಗಣಿತದ ಸಾರ್ ಅಲ್ಲಿಯ ಚಿತ್ರವನ್ನೂ ನೋಡಲೇಬೇಕಾಯಿತು. ಕನ್ನಡ ಮೇಡಂ ಲೆಕ್ಕವನ್ನೂ ಓದಬೇಕಾಯಿತು.

ಇನ್ನು ಪಾಠ. ನನಗೆ ಜಾಸ್ತಿ ಹೇಳಬೇಕು ಅನ್ನಿಸುವುದು ಕುದಿಯುವ ಬಿಂದುವಿನ ಬಗ್ಗೆ.

ಒಂಬತ್ತನೇ ತರಗತಿಯ ಮೊದಲ ಪಾಠವೇ ದ್ರವ್ಯದ ಬಗ್ಗೆ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ. ಲ್ಯಾಬಿನಲ್ಲಿ ಬೀಕರ್ ಇಟ್ಟು ಕಾಯಿಸಿದೆವು. ನೀರು ಕೊತಕೊತ ಕುದಿಯುತ್ತಿದೆ, ಪಾದರಸ ಮಾತ್ರ 98ರ ಹತ್ತಿರ ನಿಂತಿದೆ. ಥರ್ಮಾಮೀಟರ್ ಕೆಟ್ಟಿದೆ ಎಂದರು ಮಕ್ಕಳು. ಬೇರೆಯದು ಇಟ್ಟೆವು. ಅದೂ 98. ಪುಸ್ತಕದಲ್ಲಿ 100 ಇದೆಯಲ್ಲ ಮಿಸ್, ನಾವು ಏನು ಬರೆಯುವುದು ಎಂದು ಒಬ್ಬಳು ಕೇಳಿದಳು. ಕಂಡದ್ದನ್ನೇ ಬರಿ ಎಂದೆ. ಪುಸ್ತಕದ 100 ಸಮುದ್ರಮಟ್ಟದ ಮಾತು. ಮಂಡ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಕಡಿಮೆ ಡಿಗ್ರಿಗೇ ಕುದಿಯುತ್ತದೆ. ನಮ್ಮೂರಿನ ನೀರಿಗೆ ನಮ್ಮೂರಿನದೇ ಅಂಕಿ.

ಮುಂದಿನ ಶನಿವಾರ ಆಲೆಮನೆಯಿಂದ ಒಂದು ಕ್ಯಾನ್ ಕಬ್ಬಿನ ಹಾಲು ತಂದೆವು. ಅದೂ 98ರ ಆಸುಪಾಸಿನಲ್ಲೇ ಕುದಿಯಲು ಶುರು ಮಾಡಿತು. ಆದರೆ ನೀರಿನ ಹಾಗೆ ಅಲ್ಲೇ ನಿಲ್ಲಲಿಲ್ಲ. ಬಹಳ ಹೊತ್ತು 99, 100ರಲ್ಲಿ ಎಳೆದಾಡಿತು. ನೀರು ಆರಿ ಹಾಲು ಮಂದವಾಗುತ್ತಿದ್ದಂತೆ ಸರಸರ ಏರತೊಡಗಿತು. 103, 105, 108. ಅಲ್ಲಿಗೆ ನಾನು ಗಾಬರಿಯಾಗಿ ಥರ್ಮಾಮೀಟರ್ ಎತ್ತಿಬಿಟ್ಟೆ. ಲ್ಯಾಬಿನ ಥರ್ಮಾಮೀಟರ್ ಓದುವುದೇ 110ರವರೆಗೆ. ದಾಟಿದರೆ ಒಡೆಯುತ್ತದೆ, ಒಡೆದರೆ ಪಾದರಸ.

ಪಾಕ ಎಷ್ಟು ಡಿಗ್ರಿಗೆ ಬರುತ್ತದೆ ಎಂಬುದು ಹಾಗೇ ಉಳಿಯಿತು. ಆ ಒಂದು ವಾರ ಮಕ್ಕಳು ಅದನ್ನೇ ಕೇಳುತ್ತಿದ್ದರು. ಮೈಸೂರಿಗೆ ಹೋದಾಗ ಲೋಹದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಕೊಂಡು ತಂದೆ.

ಆಲೆಮನೆಯಲ್ಲಿ ಪಾಕ ನೋಡುವ ಅಜ್ಜ ಒಬ್ಬರಿದ್ದಾರೆ. ಥರ್ಮಾಮೀಟರ್ ಅನ್ನು ಅವರೇ ಉದ್ದನೆ ಬಿದಿರು ಗಳಕ್ಕೆ ಕಟ್ಟಿ ಕೊಪ್ಪರಿಗೆಗೆ ಇಳಿಬಿಟ್ಟರು. ಮಕ್ಕಳೆಲ್ಲ ಹಗ್ಗದ ಆಚೆ. ಅಂಕಿ ಅಜ್ಜನಿಗೆ ಕಾಣದ ಹಾಗೆ ಇಬ್ಬರು ಓದಿ ಬರೆದುಕೊಳ್ಳುವುದು ಎಂದು ಮಾತಾಗಿತ್ತು. ಅಜ್ಜ ತಮ್ಮ ಪದ್ಧತಿಯಂತೆ ಮರದ ಹುಟ್ಟು ಅದ್ದಿ, ಒಂದು ತೊಟ್ಟು ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟರು. ಅದನ್ನು ಎರಡು ಬೆರಳಲ್ಲಿ ಹಿಡಿದು ಉಂಡೆ ಮಾಡಿದರು. ಉಂಡೆ ಹರಿಯಿತು. "ಇನ್ನೂ ಇಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೊಟ್ಟು. ಈ ಸಲ ಉಂಡೆ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಬಟ್ಟಲಿನ ಅಂಚಿಗೆ ಟಕ್ ಅಂತ ಹೊಡೆದು, "ಬಂತು, ಇಳ್ಸಿ" ಎಂದು ಕೂಗಿದರು. ಹುಡುಗರು ನೋಡಿದ ಅಂಕಿ 115. ಮುಂದಿನ ಎರಡು ಕೊಪ್ಪರಿಗೆಗಳಲ್ಲೂ ಅಜ್ಜ 'ಬಂತು' ಎಂದಾಗ 116, 116.

ಮಕ್ಕಳು ಅಜ್ಜನ ಬೆರಳನ್ನೇ ನೋಡುತ್ತಿದ್ದರು. ನಲವತ್ತು ವರ್ಷದಿಂದ ಸುಟ್ಟು ಸುಟ್ಟು ಉಗುರಿನ ಸುತ್ತ ಚರ್ಮ ತೊಗಲಿನ ಹಾಗೆ ಆಗಿತ್ತು. ಸ್ಕೂಲಿಗೆ ವಾಪಸ್ ಬರುವಾಗ ಒಬ್ಬ ಹುಡುಗ, "ಮಿಸ್, ತಾತ ಓದಿಲ್ವಂತೆ" ಎಂದ. ನಾನು ಏನೂ ಹೇಳಲಿಲ್ಲ. ಅವನ ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಇದ್ದದ್ದು ಒಂದು ಗ್ರಾಫು, ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬಿಡಿಸಿದ ಎರಡು ಬೆರಳು.

ಚಿತ್ರಕಲೆಯ ವಿಷಯಕ್ಕೆ ಬರುತ್ತೇನೆ. ಶುರುವಿನಲ್ಲಿ ನನ್ನ ತಲೆಯಲ್ಲಿ ಚಿತ್ರ ಎಂದರೆ ರೆಕಾರ್ಡ್‌ನ ಅಲಂಕಾರ. ಡ್ರಾಯಿಂಗ್ ಸಾರ್ ಒಪ್ಪಲಿಲ್ಲ. ರಬ್ಬರ್ ಬೇಡ, ಬಣ್ಣ ಬೇಡ, ಅಂಗಡಿಯ ಚಿತ್ರವಂತೂ ಬೇಡವೇ ಬೇಡ ಎಂದರು. ಗಾಣದ ಮುಂದೆ ಮಕ್ಕಳನ್ನು ಕೂರಿಸಿ ಮುಕ್ಕಾಲು ಗಂಟೆ ಅದೊಂದನ್ನೇ ಬಿಡಿಸಲು ಹೇಳಿದರು. ಗಾಣಕ್ಕೆ ಮೂರು ಉರುಳೆ. ಮೇಲೊಂದು, ಕೆಳಗೆ ಎರಡು. ಒಂದೊಂದು ಉರುಳೆಯೂ ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿ ಎಂದರು. ಹೆಚ್ಚಿನವರು ಮೂರಕ್ಕೂ ಒಂದೇ ಕಡೆ ಬಾಣ ಹಾಕಿದ್ದರು. "ಹಾಗೆ ತಿರುಗಿದರೆ ಕಬ್ಬು ಒಳಗೆ ಹೋಗುತ್ತೇನಪ್ಪ? ಎದ್ದು ಹೋಗಿ ನೋಡು" ಎಂದು ಅವರನ್ನೆಲ್ಲ ಎಬ್ಬಿಸಿದರು. ಮೇಲಿನದು ಒಂದು ಕಡೆ, ಕೆಳಗಿನ ಎರಡೂ ಅದಕ್ಕೆ ಎದುರು ಕಡೆ. ದಿನಾ ಆ ಗಾಣದ ಮುಂದೆ ಓಡಾಡುವ ಮಕ್ಕಳು ಅದನ್ನು ಕಂಡದ್ದು ಬಾಣ ತಪ್ಪು ಹಾಕಿದ ಮೇಲೆ. ಚಿತ್ರ ಬಿಡಿಸುವುದು ಎಂದರೆ ನೋಡುವುದು ಎಂದು ನನಗೂ ಅವತ್ತೇ ಗೊತ್ತಾಗಿದ್ದು.

ಗಣಿತದವರು ಬಕೆಟ್ ಬೆಲ್ಲ ಹಿಡಿದರು. ಒಂಬತ್ತರಲ್ಲಿ ಶಂಕುವಿನ ಘನಫಲ ಇದೆ. ಬಕೆಟ್ ಬೆಲ್ಲದ ಆಕಾರ ತುದಿ ಕತ್ತರಿಸಿದ ಶಂಕು. ದೊಡ್ಡ ಶಂಕುವಿನಿಂದ ಸಣ್ಣ ಶಂಕುವನ್ನು ಕಳೆದರೆ ಬೆಲ್ಲದ ಘನಫಲ. ಮಕ್ಕಳು ಜೇಡಿಮಣ್ಣಿನಲ್ಲಿ ಶಂಕು ಮಾಡಿ ದಾರದಿಂದ ತುದಿ ಕತ್ತರಿಸಿ ನೋಡಿದರು. ಇಳುವರಿಯ ಲೆಕ್ಕವನ್ನೂ ಮಾಡಿದರು. ಹತ್ತು ಕೆಜಿ ಕಬ್ಬು ತೂಗಿ ಗಾಣಕ್ಕೆ ಕೊಟ್ಟಾಗ ಆರು ಕೆಜಿಗೆ ಸ್ವಲ್ಪ ಮೇಲೆ ಹಾಲು ಬಂತು. ಬಿಸಿಯೂಟದ ಕೋಣೆಯಲ್ಲಿ ಅದನ್ನು ಕಾಯಿಸಿದಾಗ ಉಳಿದದ್ದು ಒಂದು ಕೆಜಿ ಚಿಲ್ಲರೆ ಬೆಲ್ಲ. ಐದು ಕೆಜಿ ಎಲ್ಲಿ ಹೋಯಿತು ಎಂದು ಕೇಳಿದರೆ ಮಕ್ಕಳು ಕಿಟಕಿ ಕಡೆ ಕೈ ತೋರಿಸಿದರು. ಆವಿಯಾಗುವಿಕೆ ಎಂಬ ಮಾತನ್ನು ನಾನು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ಹಿಂದಿ ನಮ್ಮ ಯೋಜನೆಯಲ್ಲೇ ಇರಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಉರಿ ಹಾಕುತ್ತಿದ್ದವರು ಉತ್ತರ ಪ್ರದೇಶದಿಂದ ಬಂದ ಇಬ್ಬರು ತರುಣರು. ಅವರಿಗೆ ಕನ್ನಡ ಬರದು. ಒಂದು ಗುಂಪಿನ ಹುಡುಗಿಯರು ಹಿಂದಿ ಮೇಡಂ ಹತ್ತಿರ ಹೋಗಿ ಏಳು ಪ್ರಶ್ನೆ ಬರೆಸಿಕೊಂಡು ಬಂದರು. ಊರು ಯಾವುದು, ಮನೆಗೆ ಯಾವಾಗ ಹೋಗುತ್ತೀರಿ, ಅಲ್ಲೂ ಬೆಲ್ಲ ಮಾಡುತ್ತಾರಾ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಅವತ್ತು ಎಂಟನೇ ಪ್ರಶ್ನೆಯನ್ನು ತಾನೇ ಕೇಳಿದಳು. ನಿಮ್ಮ ತಂಗಿ ಓದುತ್ತಿದ್ದಾಳಾ ಎಂದು.

ಆ ವರ್ಷ ಮಳೆ ಕೈಕೊಟ್ಟಿತು. ಕೆ.ಆರ್.ಎಸ್. ತುಂಬಲಿಲ್ಲ. ಗರಿಷ್ಠ ಮಟ್ಟ 124.80 ಅಡಿ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆ ವರ್ಷ ಪೇಪರಿನಲ್ಲಿ ದಿನಾ ಬರುತ್ತಿದ್ದ ಅಂಕಿಯನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು ಅಭ್ಯಾಸವಾಯಿತು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಒಂದು ಶನಿವಾರ ತಪ್ಪಿಹೋಯಿತು. ಸಮಾಜದ ಸಾರ್ ಇದನ್ನೇ ಪಾಠ ಮಾಡಿದರು. ಅಣೆಕಟ್ಟಿನ ಕೆಲಸ ಶುರುವಾದದ್ದು 1911ರಲ್ಲಿ. ವಿ.ಸಿ. ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ, ಅದು ಹುಲಿಕೆರೆಯ ಸುರಂಗ ದಾಟಿ ನಮ್ಮ ಕಡೆ ಬರುತ್ತದೆ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದು. ನೀರು ಮೊದಲು, ಕಬ್ಬು ಆಮೇಲೆ, ಕಾರ್ಖಾನೆ ಅದರ ಬೆನ್ನಿಗೆ. ನಾಲೆ ಬರುವ ಮುಂಚೆ ಈ ಹೊಲಗಳಲ್ಲಿ ಏನು ಬೆಳೆಯುತ್ತಿದ್ದರು ಎಂದು ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಿರಿ ಎಂದಾಗ ರಾಗಿ, ಹುರುಳಿ, ಅವರೆಯ ಕಥೆಗಳು ಬಂದವು. ಕನ್ನಡ ಮೇಡಂ ಅವನ್ನೇ ತಿದ್ದಿಸಿ, ಹದಿನೈದು ನಿಮಿಷದ ನಾಟಕ ಬರೆಸಿದರು. ಅವರ ಮಗ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಎಂಬ ಮಕ್ಕಳ ರಂಗಶಿಬಿರಕ್ಕೆ ಹೋಗಿದ್ದವನು. ಅಲ್ಲಿ ಕಂಡದ್ದನ್ನೇ ಇಲ್ಲಿ ಮಾಡಿದರು. ಮಾತು ಉರು ಹೊಡೆಸಲಿಲ್ಲ, ಸನ್ನಿವೇಶ ಹೇಳಿ ಮಾತನ್ನು ಮಕ್ಕಳ ಬಾಯಿಂದಲೇ ಬರಿಸಿದರು.

ಎಡವಿದ್ದೂ ಉಂಟು. ನವೆಂಬರ್‌ನಲ್ಲಿ ಒಬ್ಬ ಹುಡುಗ ಆಲೆಮನೆಯ ಮಾಲೀಕರನ್ನೇ ನೇರವಾಗಿ ಕೇಳಿಬಿಟ್ಟ, "ಅಣ್ಣ, ನೀವು ಹೈಡ್ರೋಸ್ ಹಾಕ್ತೀರಾ?" ಬೆಲ್ಲಕ್ಕೆ ಬಿಳಿ ಬಣ್ಣ ಬರಲಿ ಎಂದು ಬಳಸುವ ರಾಸಾಯನಿಕ ಅದು. ಮಾಲೀಕರ ಮುಖ ಕೆಂಪಾಯಿತು. ಮುಂದಿನ ವಾರ ಬರುವುದು ಬೇಡ ಎಂದು ಫೋನ್ ಬಂತು. ತಪ್ಪು ಹುಡುಗನದಲ್ಲ, ನನ್ನದು. ಪ್ರಶ್ನೆ ಕೇಳಿ ಎಂದು ಕಲಿಸಿದ್ದೆ, ಹೇಗೆ ಕೇಳಬೇಕು ಎಂದು ಕಲಿಸಿರಲಿಲ್ಲ. ನಾನು ಮತ್ತು ಮುಖ್ಯ ಶಿಕ್ಷಕರು ಹೋಗಿ ಮಾತಾಡಿದೆವು. ಆಗ ಅವರು ಮನಸ್ಸು ಬಿಚ್ಚಿ ಹೇಳಿದರು. ಮಂಡಿಯಲ್ಲಿ ಬಣ್ಣಕ್ಕೆ ರೇಟು, ಕಪ್ಪು ಬೆಲ್ಲ ತಗೊಂಡು ಹೋದರೆ ಕೇಳುವವರಿಲ್ಲ ಎಂದರು. ಅವರ ತಂದೆಯ ಕಾಲದಲ್ಲಿ ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಮಡ್ಡಿ ತೆಗೆಯುತ್ತಿದ್ದರಂತೆ. ಅದನ್ನು ಮಕ್ಕಳಿಗೆ ತೋರಿಸುತ್ತೀರಾ ಎಂದು ಕೇಳಿದೆ. ಡಿಸೆಂಬರ್‌ನಲ್ಲಿ ಒಂದು ಕೊಪ್ಪರಿಗೆ ಹಾಗೇ ಮಾಡಿ ತೋರಿಸಿದರು. ಲೋಳೆ ಬಿದ್ದ ಮೇಲೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಸುಣ್ಣ ಹಾಕುವ ಮುಂಚೆ, ಹಾಕಿದ ಮೇಲೆ ಮಕ್ಕಳು ಪಿಎಚ್ ಕಾಗದ ಅದ್ದಿ ಬಣ್ಣ ನೋಡಿದರು. ಹುಳಿ ಕಡೆಗಿದ್ದ ಹಾಲು ತಟಸ್ಥದ ಹತ್ತಿರ ಬಂದಿತ್ತು. ಅದು ಹತ್ತನೇ ತರಗತಿಯ ಪಾಠ, ಒಂಬತ್ತರಲ್ಲೇ ಮುಗಿಯಿತು.

ಇಂಗ್ಲಿಷ್ ಹೊರಗೇ ಉಳಿಯಿತು. ಅದು ನಮ್ಮ ಸೋಲು, ಸಬೂಬು ಹೇಳುವುದಿಲ್ಲ. ಗಣಿತದ ಪೋರ್ಷನ್ ಎರಡು ವಾರ ಹಿಂದೆ ಬಿತ್ತು. ಜನವರಿಯಲ್ಲಿ ಬೆಳಗ್ಗೆ ವಿಶೇಷ ತರಗತಿ ಮಾಡಿ ಮುಗಿಸಿದೆವು. ಮೂರು ಮಕ್ಕಳು ಕೊನೆಯವರೆಗೂ ಬೇರೆಯವರ ಪುಸ್ತಕ ನೋಡಿಯೇ ಬರೆದರು.

ಅಂಕ ಕೊಡುವ ಕೆಲಸ ಕಷ್ಟದ್ದು. ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೆವು. ಏನು ಅಳೆದೆ? ಏನು ಬಿಡಿಸಿದೆ? ಯಾರನ್ನು ಏನು ಕೇಳಿದೆ? ಇನ್ನೂ ಗೊತ್ತಾಗದೆ ಉಳಿದದ್ದು ಏನು? ನಾಲ್ಕನೆಯದಕ್ಕೆ ಮೊದಮೊದಲು ಎಲ್ಲರೂ 'ಏನೂ ಇಲ್ಲ' ಎಂದು ಬರೆಯುತ್ತಿದ್ದರು. ಗೊತ್ತಿಲ್ಲ ಎಂದರೆ ಅಂಕ ಹೋಗುತ್ತದೆ ಎಂಬ ಭಯ ಒಂದನೇ ಕ್ಲಾಸಿನಿಂದ ಕೂತಿರುತ್ತದೆ. ಡಿಸೆಂಬರ್ ಹೊತ್ತಿಗೆ ಆ ಜಾಗ ತುಂಬತೊಡಗಿತು. 'ಪಾಕ 116ಕ್ಕೇ ಯಾಕೆ ಬರುತ್ತದೆ, 112ಕ್ಕೆ ಇಳಿಸಿದರೆ ಏನಾಗುತ್ತದೆ' ಎಂದು ಒಬ್ಬಳು ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ.

ವರ್ಷದ ಕೊನೆಯ ಪೋಷಕರ ಸಭೆಗೆ ಆ ತಂದೆ ಬಂದಿದ್ದರು. ಮಗನ ಪುಸ್ತಕವನ್ನು ಕೈಗೆ ಕೊಟ್ಟೆ. ಇಳುವರಿಯ ಲೆಕ್ಕ ಇದ್ದ ಪುಟದಲ್ಲಿ ಬಹಳ ಹೊತ್ತು ನಿಂತರು. "ಇದು ಪರೀಕ್ಸೆಗೆ ಬತ್ತದಾ?" ಎಂದರು. ಕುದಿಯುವ ಬಿಂದು ಬರುತ್ತದೆ, ಶಂಕು ಬರುತ್ತದೆ, ಈ ಚಿತ್ರ ಬರುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಪುಸ್ತಕ ಮನೆಗೆ ತಗೊಂಡು ಹೋಗಬಹುದಾ ಎಂದು ಕೇಳಿದರು. ಕೊಟ್ಟೆ.

ಡ್ರಾಯಿಂಗ್ ಸಾರ್ ಆಮೇಲೆ ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬಂದಿಲ್ಲ. ವೇಳಾಪಟ್ಟಿಯಲ್ಲಿ 'ಆಲೆ' ಇನ್ನೂ ಇದೆ. ಅವರು ಇರುವುದು ಮಂಡ್ಯದಲ್ಲೇ, ಹಾಗಾಗಿ ತಿಂಗಳಿಗೊಂದು ಶನಿವಾರ ಬಂದು ಮಕ್ಕಳನ್ನು ಗಾಣದ ಮುಂದೆ ಕೂರಿಸುತ್ತಾರೆ. ಉಳಿದ ಶನಿವಾರ ನಾನೇ ಕೂರಿಸುತ್ತೇನೆ. ನನ್ನ ರೆಕಾರ್ಡ್ ಪುಸ್ತಕದಲ್ಲೂ ಮೂರು ಉರುಳೆ ಇವೆ. ಹೋದ ತಿಂಗಳು ಅವರು ಅದನ್ನು ನೋಡಿ, ಎರಡನೇ ಬಾಣ ತಿದ್ದಿಕೊಳ್ಳಿ ಮೇಡಂ ಎಂದರು.